ಮಲ್ಕಪ್ಪ ತನಗಾಗಿ ಕಾರು ನೋಡಿದ್ದು

ಕಮಲಾಪುರದಲ್ಲಿ ಹಳೆಯ ಕಾರು ಕೊಳ್ಳುವವರೆಲ್ಲ ಮೊದಲು ಮಲ್ಕಪ್ಪನನ್ನು ಕರೆದೊಯ್ಯುತ್ತಿದ್ದರು. ಮೂವತ್ತು ವರ್ಷ ಡ್ರೈವರ್‌ಕಿ ಮಾಡಿದ ಮನುಷ್ಯ. ಬಾನೆಟ್ ಎತ್ತಿ, ಇಂಜಿನ್ನಿಗೆ ಕಿವಿಗೊಟ್ಟು ತಲೆಯಾಡಿಸಿದರೆ ವ್ಯಾಪಾರ ಮುಗಿದಂತೆ. ಆ ತಲೆಯಾಡಿಸುವಿಕೆಗೆ ಮಾರುವವನಿಂದಲೂ ಅವನಿಗೆ ಪಾಲು ಬರುತ್ತಿತ್ತೆಂಬುದು ಕೊಳ್ಳುವವರಿಗೆ ಗೊತ್ತಿರಲಿಲ್ಲ. ನಂಬಿಕೆಯನ್ನು ಎರಡೂ ಕಡೆ ಮಾರುವ ಇಂಥವರನ್ನು ನಾವು ಅನುಭವಸ್ಥರು ಎನ್ನುತ್ತೇವೆ.

ಈ ಸಲ ಕಾರು ಬೇಕಾದದ್ದು ಅವನಿಗೇ. ಹೆಂಡತಿ ಶಂಕ್ರಮ್ಮನಿಗೆ ವಾರಕ್ಕೆರಡು ಸಲ ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಮುಗಿಸಿಕೊಂಡು ಬಸ್ಸಿನಲ್ಲಿ ಬರುವಾಗ ಅವಳ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಲಗಿಸಿ ಕರೆತರಬೇಕು, ಗಾಡಿ ನಡುದಾರಿಯಲ್ಲಿ ಕೈಕೊಡಲೂಬಾರದು.

ಕಲಬುರಗಿಯ ಕೋಟೆ ಹತ್ತಿರ ಹಳೆ ಗಾಡಿ ಮಾರುವ ಸರ್ಫರಾಜ್ ಬಳಿ ಎರಡಿದ್ದವು. ಒಂದು ಅಂಬಾಸಿಡರ್: ಹಿಂದಿನ ಗಾಲಿ ತಳ್ಳುವ ಗಾಡಿ, ಹಿಂದೆ ಭಾರ ಬಿದ್ದಷ್ಟೂ ಏರು ಹತ್ತುವಂಥದು, ಸೀಟು ಮಂಚದಷ್ಟು ಅಗಲ. ಇನ್ನೊಂದು ಎಸ್ಟೀಮ್: ಚಿಕ್ಕದು, ಮುಂದಿನ ಗಾಲಿ ಎಳೆಯುವಂಥದು. ಹೊಟ್ಟೆಯಡಿ ಹಿಂದಿನ ಗಾಲಿ ತಿರುಗಿಸುವ ಉದ್ದನೆಯ ಶಾಫ್ಟ್ ಇಲ್ಲ, ಕೆಡುವ ಸಾಮಾನು ಕಡಿಮೆ. ಆದರೆ ಶಂಕ್ರಮ್ಮ ಮೊಣಕಾಲು ಮಡಚಿಯೇ ಮಲಗಬೇಕು. ಮಲ್ಕಪ್ಪನ ಮನಸ್ಸು ದೊಡ್ಡದರ ಮೇಲೆ. ಓಡಿಸಿ ನೋಡಿದ. ಚೂರೂ ಸದ್ದಿಲ್ಲ. ಇಷ್ಟು ವಯಸ್ಸಾದ ಗಾಡಿ ಇಷ್ಟು ಸುಮ್ಮನಿರುವುದೇ ಅವನಿಗೆ ಸಂಶಯ ತಂದಿತು.

ಮಲ್ಕಪ್ಪ ಎಂದಿನಂತೆ ಬೇರೆಯವರಿಗಾಗಿ ಬಂದಿದ್ದಾನೆಂದು ತಿಳಿದ ಸರ್ಫರಾಜ್ ಹತ್ತಿರ ಬಂದು ಪಿಸುಗುಟ್ಟಿದ: "ಕಾಕಾ, ನಿಮ್ಮ ಪಾರ್ಟಿಗಿ ದೊಡ್ಡದು ಅಂಟಿಸ್ರಿ. ಹಿಂದಿನ ಗಾಲಿ ನಡುವಿನ ಗೇರ್ ಡಬ್ಬಿ ಊಳಿಡ್ತಿತ್ತು, ಮರದ ಹೊಟ್ಟು ತುಂಬಿ ಬಾಯಿ ಮುಚ್ಚಿಸೀವಿ. ಸಣ್ಣದು ಚಲೋ ಅದ, ಅದಕ್ಕ ಗಿರಾಕಿ ತಾನೇ ಬರ್ತದ. ನಿಮ್ಮ ಪಾಲು ನಿಮಗ ಮುಟ್ಟತದ."

"ಪಾರ್ಟಿ ನಾನೇ ಇದ್ದೀನಿ," ಎಂದ ಮಲ್ಕಪ್ಪ.

ಸರ್ಫರಾಜನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಹಂಗಿದ್ರ ಮೊದಲೇ ಹೇಳಬಾರದೇನ್ರಿ? ಚೇಷ್ಟಿ ಮಾಡಿದೆ. ಎರಡೂ ಚೊಕ್ಕ ಅವ."

ಯಾವುದು ಖರೆ, ಯಾವುದು ಸುಳ್ಳು? ಇಷ್ಟು ವರ್ಷ ಯಾರಿಗಾಗಿಯೂ ಮಾಡದ ಕೆಲಸವನ್ನು ಮಲ್ಕಪ್ಪ ಮಾಡಿದ. ತೊಳೆದ ಅಂಗಿಯಲ್ಲೇ ಅಂಬಾಸಿಡರ್ ಕೆಳಗೆ ನುಸುಳಿ, ಡಬ್ಬಿಯ ಬಿರಡೆ ಬಿಚ್ಚಿ ಬೆರಳಿಟ್ಟ. ಎಣ್ಣೆಯೊಂದಿಗೆ ಹೊಟ್ಟು ಬಂತು. ಹಿಂದೆ ಇಂಥದೇ ಸದ್ದಿಲ್ಲದ ಹಳೆ ಗಾಡಿಯನ್ನು ಊರಿನ ವಿದ್ಯಾವತಿ ಟೀಚರಿಗೆ ಕೊಡಿಸಿದ್ದ. ಆಮೇಲೆ ಅವರು ತನ್ನೊಡನೆ ಮಾತು ಬಿಟ್ಟದ್ದು ಸೊಕ್ಕಿನಿಂದ ಎಂದು ಈವರೆಗೂ ಹೇಳಿಕೊಂಡು ತಿರುಗುತ್ತಿದ್ದ.

ಎಸ್ಟೀಮಿನ ಕೆಳಗೆ ಮೂರು ಸಲ ತೂರಿದ. ಏನೂ ಸಿಗಲಿಲ್ಲ, ಸಮಾಧಾನವೂ ಆಗಲಿಲ್ಲ. ಮರುದಿನ ಡಯಾಲಿಸಿಸ್ ಮುಗಿದ ಮೇಲೆ ಶಂಕ್ರಮ್ಮನನ್ನು ಅದರಲ್ಲೇ ಮಲಗಿಸಿ, ಗಾಡಿಯ ಪರೀಕ್ಷೆಗೆಂದು ಕಮಲಾಪುರದವರೆಗೆ ಓಡಿಸಿದ. ಏರಿನಲ್ಲಿ ಗಾಡಿ ತೇಕಲಿಲ್ಲ. ಮೊಣಕಾಲು ನೋಯುತ್ತದೆಯೇ ಎಂದು ಕೇಳಿದ.

"ಇಲ್ರಿ. ಆರಾಮದ."

ರಸ್ತೆ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ ಅವಳ ಮುಖ ನೋಡಿದ. "ನನ್ನ ಸಮಾಧಾನಕ್ಕ ಹೇಳಾಕತ್ತೀದಿ."

"ಖರೇನೇ ಹೇಳೀನಿ. ನಂಬೂದು ಬಿಡೂದು ನಿಮಗ ಬಿಟ್ಟದ್ದು," ಎಂದು ಅವಳು ಕಣ್ಣು ಮುಚ್ಚಿದಳು.

ಎಸ್ಟೀಮ್ ಕೊಂಡ. ಈಗಲೂ ಆಸ್ಪತ್ರೆಯಿಂದ ಊರು ಮುಟ್ಟುವುದರೊಳಗೆ ನಾಲ್ಕು ಸಲ ಕೇಳುತ್ತಾನೆ. ಅವಳು ಆರಾಮ ಎನ್ನುತ್ತಾಳೆ. ಅವನು ನಂಬುವುದಿಲ್ಲ.