ಹುಳದ ಕೋಣೆಯ ಹೊಸ್ತಿಲು

ಇಂದು ಸಂಜೆ ಶಿಡ್ಲಘಟ್ಟದಿಂದ ಬರುವಾಗ ಬಸ್ಸಿನಲ್ಲಿ ಯಾರೋ ನನ್ನ ಕಾಲ ಬಳಿ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟರು. ಪಕ್ಕದವರು ಕಾಲು ಮಡಚಿಕೊಂಡು ಗೊಣಗಿದರು. ನಾನು ಆ ಹಸಿ ವಾಸನೆಗೇ ಹೆದರಿ ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಸೊಪ್ಪಿಗೆ ಹೆದರುವ ವಿಜ್ಞಾನದ ಟೀಚರನ್ನು ನೀವು ಕಂಡಿರಲಿಕ್ಕಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚಿಂತಾಮಣಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ರಜೆಯನ್ನೆಲ್ಲ ಕಳೆಯುತ್ತಿದ್ದುದು ಸೋದರಮಾವನ ಹಳ್ಳಿಯಲ್ಲಿ. ಆ ಮನೆಯ ಒಡೆಯರು ರೇಷ್ಮೆಹುಳುಗಳು, ನಾವೆಲ್ಲ ಬಾಡಿಗೆದಾರರು. ಹುಳ ಪೊರೆ ಬಿಡುವಾಗ ಒಗ್ಗರಣೆಯ ಘಾಟು ಏಳಬಾರದು, ಜೋರು ಮಾತು ಬೇಡ. ಚಪ್ಪಲಿ ಹೊರಗೆ. ಮುಟ್ಟಾದ, ಮನೆಮಾತಿನಲ್ಲಿ ‘ದೂರ’ ಇದ್ದ, ಹೆಣ್ಣುಮಕ್ಕಳಂತೂ ಹುಳದ ಕೋಣೆಯ ಹೊಸ್ತಿಲು ತುಳಿಯುವಂತಿರಲಿಲ್ಲ; ಜಗಲಿಯ ಮೇಲೆ, ಹೋಗಿಬರುವವರ ಎದುರಿಗೇ ಕೂರಬೇಕಿತ್ತು.

ಆ ಬೇಸಿಗೆ ಬೆಳೆ ಕೈಗೆ ಬರುವ ಹೊತ್ತಿಗೆ ಹುಳಕ್ಕೆ ರೋಗ ತಗುಲಿತು. ತಟ್ಟೆಗಟ್ಟಲೆ ಸತ್ತ ಹುಳ ಗುಂಡಿಗೆ ಹೋಯಿತು. ಮಾವನ ತಾಯಿ, ನಮ್ಮಜ್ಜಿ, ಯಾರ ಮುಖವನ್ನೂ ನೋಡದೆ, “ಯಾರೋ ದೂರ ಇದ್ದೋರು ಒಳಗೋಗವ್ರೆ. ಇಲ್ಲಾಂದ್ರೆ ಹಿಂಗಾಗ್ತಿರ್ಲಿಲ್ಲ” ಎಂದರು. ಬೈದದ್ದು ಅಷ್ಟೇ.

ಮಾವನ ಮಗಳು ಸುಜಾತಾ ಆಗ ಹತ್ತನೇ ಕ್ಲಾಸು. ಅವತ್ತಿನಿಂದ ಅವಳು ಊಟ ಬಿಟ್ಟಳು, ಮಾತು ಬಿಟ್ಟಳು. ಹೊತ್ತಿಲ್ಲದ ಹೊತ್ತಿನಲ್ಲಿ ಬಟ್ಟೆ ಸೋಪಿನಿಂದ ಕೈ ತೊಳೆಯುವಳು. ಬೆರಳ ಸಂದು ಬಿರಿದು ಕೆಂಪಾಗಿತ್ತು. ಅಜ್ಜಿ ದೃಷ್ಟಿ ತೆಗೆದರು. ಅವಳ ತಾಯಿ ರತ್ನಮ್ಮತ್ತೆ, “ವಯಸ್ಸಮ್ಮಾ ಅದು, ಸರಿಹೋಗ್ತಾಳೆ” ಎಂದರು. ನಾನು ಸುಮ್ಮನಿರುವವಳೇ? ಹುಳಕ್ಕೆ ರೋಗ ತರುವುದು ಬ್ಯಾಕ್ಟೀರಿಯಾ, ಅದು ಕೈಯಿಂದಲೂ ಹರಡುತ್ತದೆ ಎಂದು ಪಾಠ ಮಾಡಿದೆ. ಅವಳು ಗಮನವಿಟ್ಟು ಕೇಳಿದಳು. ಎದ್ದು ಹೋಗಿ ಇನ್ನೊಮ್ಮೆ ಕೈ ತೊಳೆದಳು.

ಒಂದು ಮಧ್ಯಾಹ್ನ ಅವಳನ್ನು ಊಟಕ್ಕೆ ಕರೆತರಲು ತೋಟಕ್ಕೆ ಹೋದೆ. ದಾರಿಯಲ್ಲಿ ನಿಂತು ಹಿಪ್ಪುನೇರಳೆ ಹಣ್ಣು ಕಿತ್ತು ತಿನ್ನುತ್ತಿದ್ದೆ. ಇನ್ನೂ ಒಂದು ಗಿಡಕ್ಕೆ ಕೈ ಹಾಕಿದ್ದರೆ? ಇವತ್ತಿಗೂ ನಾನು ಅದನ್ನೇ ಕೇಳಿಕೊಳ್ಳುತ್ತೇನೆ. ಸುಜಾತಾ ಬಾವಿಯ ಕಟ್ಟೆಯ ಮೇಲೆ ಕಾಲನ್ನು ಒಳಗೆ ಇಳಿಬಿಟ್ಟು ಕೂತಿದ್ದಳು. ನಾನು ಕೂಗಲಿಲ್ಲ. ಹಿಂದಿನಿಂದ ಹೋಗಿ ಎರಡೂ ತೋಳು ಹಿಡಿದು ಎಳೆದೆ. ಇಬ್ಬರೂ ಮಣ್ಣಿಗೆ ಬಿದ್ದೆವು.

“ಬಿಡಕ್ಕ,” ಎಂದಳು. “ಹುಳ ಸಾಯ್ಸಿದ್ದು ನಾನೇ. ಜಗಲಿ ಮೇಲೆ ಕೂತ್ರೆ ಎಲ್ರಿಗೂ ಗೊತ್ತಾಗತ್ತೆ ಅಂತ ಯಾರ್ಗೂ ಹೇಳ್ದೆ ಒಳಗೋಗಿ ಸೊಪ್ಪು ಹಾಕ್ದೆ.”

ಅವಳ ಕೈ ಬಿಡದೆಯೇ ಅಡುಗೆಮನೆಗೆ ಕರೆತಂದೆ. ಎಲ್ಲವನ್ನೂ ಹೇಳಿದೆ. ಅತ್ತೆ ಮುದ್ದೆ ಕೋಲು ಕೆಳಗಿಟ್ಟು ಮಗಳ ಪಕ್ಕ ಕೂತರು. ಅವಳ ಬಿರಿದ ಬೆರಳುಗಳನ್ನು ಮಡಿಲಿಗೆ ಎಳೆದುಕೊಂಡರು.

“ಕೂಲಿಯೋರು ಬರ್ದಿದ್ರೆ ಹುಳ ಉಪವಾಸ ಇರ್ತಾವಾ? ದೂರ ಇದ್ದಾಗ ನಾನೂ ಹಂಗೇ ಹೋಗಿದೀನಿ ಕಣೇ, ಎಷ್ಟೋ ಸಲ. ಗೂಡು ಚೆನ್ನಾಗೇ ಕಟ್ಟವೆ.”

“ಮತ್ಯಾಕಮ್ಮ ಹೇಳ್ಲಿಲ್ಲ?”

“ನಮ್ಮಮ್ಮ ನಂಗೆ ಹೇಳಿದ್ಲಾ?”

ಅಂದು ಸುಜಾತಾ ಅರ್ಧ ಮುದ್ದೆ ತಿಂದಳು. ಅದರಿಂದಲೇ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅತ್ತೆ ಅವಳನ್ನು ಬೆಂಗಳೂರಿನ ಮಾನಸಿಕ ವೈದ್ಯರ ಬಳಿಗೆ ವರ್ಷವಿಡೀ ಕರೆದುಕೊಂಡು ಹೋದರು. ಕೇಳಿದ ನೆಂಟರಿಗೆಲ್ಲ ಮುಚ್ಚಿಡದೆ ಹೇಳಿದರು.

ಮುಂದಿನ ಬೆಳೆಯಲ್ಲಿ ಸುಜಾತಾ ಮುಟ್ಟಾಗಿ ಮತ್ತೆ ಜಗಲಿಗೆ ಹೊರಟಾಗ ಅತ್ತೆ ಅವಳ ಕೈಗೆ ಸೊಪ್ಪಿನ ಬುಟ್ಟಿ ಕೊಟ್ಟರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತರು.

“ಬೆಳೆ ಹೋದ್ರೆ ಏನೇ ಮಾಡೋದು?”

“ಹೋದ್ರೆ ಹೋಗ್ಲಿ ಅತ್ತೆ. ಮಗಳು ಹೋಗೋದು ಬೇಡ.”

ಅಜ್ಜಿ ಪಕ್ಕಕ್ಕೆ ಸರಿದರು. ಬೆಳೆ ಹೇಗೆ ಬಂತೆಂದು ನೀವು ಕೇಳಬಹುದು. ಸಾಧಾರಣವಾಗಿ ಬಂತು.

ಬಸ್ಸಿಳಿದು ಮನೆಗೆ ಬಂದರೆ, ಹಿತ್ತಿಲ ಮೂಲೆಯಲ್ಲಿ ಹೊಸ ಚಾಪೆ ಹಾಸಿತ್ತು. ಅದರ ಮೇಲೆ ಹದಿಮೂರರ ನನ್ನ ಮಗಳು ಮೊಣಕಾಲಿಗೆ ಮುಖ ಒತ್ತಿ ಕೂತಿದ್ದಳು. ನನ್ನ ಗಂಡನ ತಾಯಿ ಬಾಗಿಲಲ್ಲಿದ್ದರು. ಚಾಪೆ ಸುತ್ತಿ ಬಗಲಿಗಿಟ್ಟುಕೊಂಡೆ, ಮಗಳನ್ನು ಎಬ್ಬಿಸಿದೆ.

“ಇವಳು ಒಳಗೇ ಇರ್ತಾಳಮ್ಮ,” ಎಂದೆ. “ನಾನೂ ಇವತ್ತು ದೂರಾನೇ. ಬೆಳಗ್ಗೆ ಅಡುಗೆ ಮಾಡಿದ್ದು ನಾನೇ.”