ಮಾತ್ರೆಯ ಮೇಲೆ ಹೊರಿಸಿದ ವಾಕರಿಕೆ

2022ರಲ್ಲಿ ನಾನು ಜಯನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲಿವರ್ ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಅಷ್ಟು ಹೊತ್ತಿಗೆ ರೋಗಿಗಳ ರಕ್ತ, ವಾಂತಿ, ಮಲ ಎಲ್ಲವನ್ನೂ ನೋಡಿ ನೋಡಿ ಮೂಗು ಮುಚ್ಚಿಕೊಳ್ಳುವ ಅಭ್ಯಾಸವೇ ನನಗೆ ತಪ್ಪಿಹೋಗಿತ್ತು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ನಿಜವಾಗಿ ಹೇಸಿಗೆ ಹುಟ್ಟಿಸಿದ್ದು ಒಂದೇ ಪ್ರಕರಣ. ಅದು ನಡೆದದ್ದು ಆಸ್ಪತ್ರೆಯಲ್ಲಲ್ಲ, ಜೆ.ಪಿ. ನಗರದ ಒಂದು ಥಳಥಳ ಹೊಳೆಯುವ ಮನೆಯಲ್ಲಿ.

ರೋಗಿಯ ಹೆಸರನ್ನು ಇಲ್ಲಿ ವಿಶಾಲಾಕ್ಷಮ್ಮ ಎಂದಿಟ್ಟುಕೊಳ್ಳುತ್ತೇನೆ. ಐವತ್ತೇಳರ ಗೃಹಿಣಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ ಇರುವುದು ಗೊತ್ತಾಗಿ, ಕಣ್ಣಿನ ಡಾಕ್ಟರು ನನ್ನ ಬಳಿಗೆ ಕಳುಹಿಸಿದ್ದರು. ಇದು ಲಿವರಿಗೆ ತಗಲುವ ವೈರಸ್. ರಕ್ತದಿಂದ ರಕ್ತಕ್ಕೆ ಹರಡುತ್ತದೆ. ಹತ್ತಾರು ವರ್ಷ ಸದ್ದಿಲ್ಲದೆ ಕೂತು ಲಿವರನ್ನು ಒಳಗೊಳಗೇ ಗಟ್ಟಿ ಮಾಡುತ್ತದೆ. ಆಕೆಗೆ ಮಗಳು ಹುಟ್ಟಿದಾಗ ತುಂಬಾ ರಕ್ತಸ್ರಾವವಾಗಿ ಎರಡು ಬಾಟಲಿ ರಕ್ತ ಕೊಟ್ಟಿದ್ದರಂತೆ. ಆ ಕಾಲದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಇರಲಿಲ್ಲ. ಬಹುಶಃ ಅಲ್ಲಿಂದಲೇ ಬಂದಿರಬೇಕು ಎಂದೆ.

ಜೊತೆಯಲ್ಲಿ ಬಂದಿದ್ದ ಗಂಡ ಶ್ರೀಕಂಠಯ್ಯ ಸರ್ಕಾರಿ ಇಲಾಖೆಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಮೃದು ಮಾತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಹೆಂಡತಿ ತೂಕ ನೋಡಿಸಲು ಪಕ್ಕದ ಕೋಣೆಗೆ ಹೋದಾಗ ದನಿ ತಗ್ಗಿಸಿದರು.

"ಮೇಡಂ, ರಕ್ತದಿಂದ್ಲೇ ಬಂದಿದೆ ಅಂತ ಗ್ಯಾರಂಟಿ ಏನು? ಬೇರೆ ಥರಾನೂ ಬರುತ್ತೆ ಅಂತ ನೆಟ್‌ನಲ್ಲಿ ಓದಿದೆ."

ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಬಗ್ಗೆ ಆಡುವ ಮಾತೇ ಇದು! ಮೈಯೆಲ್ಲ ಉರಿಯಿತು. "ನೀವೂ ನಿಮ್ಮ ಮಗಳೂ ಒಂದ್ಸಲ ಪರೀಕ್ಷೆ ಮಾಡಿಸ್ಕೊಳ್ಳಿ ಸಾರ್, ಅದು ನಿಯಮ," ಎಂದಷ್ಟೇ ಹೇಳಿದೆ. ಇಬ್ಬರದ್ದೂ ನೆಗೆಟಿವ್ ಬಂತು. ಅಷ್ಟು ವರ್ಷ ಒಂದೇ ಮನೆ, ಒಂದೇ ಹಾಸಿಗೆ, ಒಂದೇ ಪಾತ್ರೆಯ ಅನ್ನ, ಆದರೂ ಈ ಮನುಷ್ಯನಿಗೆ ಏನೂ ಅಂಟಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಯಾರಿಗೆ ಬೇಕು? ಅಂಟಿಕೊಳ್ಳುವ ರೋಗವಲ್ಲ ಎಂದು ಬಿಡಿಸಿ ಹೇಳಿದೆ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿಸುವ ಸಾಧನ ಬೇರೆ ಇರಲಿ, ಮಿಕ್ಕಿದ್ದೆಲ್ಲ ಎಂದಿನಂತೆಯೇ ಇರಲಿ ಎಂದೆ. ಅವರು ತಲೆಯಾಡಿಸಿದರು.

ಫೈಬ್ರೋಸ್ಕ್ಯಾನ್ ಎಂಬ ಯಂತ್ರದಲ್ಲಿ ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಬಹುದು. ವಿಶಾಲಾಕ್ಷಮ್ಮನದು ಆಗಲೇ ಸಾಕಷ್ಟು ಗಟ್ಟಿಯಾಗಿತ್ತು. ಇನ್ನೂ ತಡ ಮಾಡಿದರೆ ಸಿರೋಸಿಸ್, ಅಂದರೆ ಹಿಂದಕ್ಕೆ ತರಲಾಗದಷ್ಟು ಹಾನಿಯ ಕಡೆಗೆ ಹೊರಳುವ ಸ್ಥಿತಿ. ಆದರೆ ಚಿಕಿತ್ಸೆ ಸುಲಭವಿತ್ತು. ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡುತ್ತಿದ್ದ ಕಾಲದಲ್ಲಿ ರೋಗಿಗಳು ತಿಂಗಳುಗಟ್ಟಲೆ ಜ್ವರ, ಮೈಕೈ ನೋವು, ಖಿನ್ನತೆಯಲ್ಲಿ ಬೇಯುತ್ತಿದ್ದರು. ಈಗ ಸೋಫೋಸ್ಬುವಿರ್ ಮತ್ತು ವೆಲ್ಪಟಾಸ್ವಿರ್ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, ಹನ್ನೆರಡು ವಾರ. ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ.

ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳಿದೆ. ಏನೂ ಇಲ್ಲ ಎಂದರು. ಬೆಂಗಳೂರಿನವರ ಈ ಉತ್ತರವನ್ನು ನಾನು ಯಾವತ್ತೂ ನಂಬಿದವಳಲ್ಲ.

"ಗ್ಯಾಸ್ ಮಾತ್ರೆ?"

"ಅಯ್ಯೋ, ಅದು ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ತಗೋತೀನಿ. ಅದೇನು ಔಷಧಿನಾ ಮೇಡಂ?"

ನಮ್ಮ ಕಡೆ ಗ್ಯಾಸ್ ಮಾತ್ರೆಯನ್ನು ತೀರ್ಥದಂತೆ ಬರಿಹೊಟ್ಟೆಯಲ್ಲಿ ಸೇವಿಸುತ್ತಾರೆ, ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಈ ಹೊಸ ಮಾತ್ರೆಯನ್ನು ಮೈ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಹಾಗಾಗಿ ಅದನ್ನು ಬಿಡಿಸಿದೆ. ಶುರುವಿನಲ್ಲಿ ತಲೆನೋವು, ಸುಸ್ತು, ಸ್ವಲ್ಪ ವಾಕರಿಕೆ ಬರಬಹುದು, ಊಟವಾದ ಮೇಲೆ ಮಾತ್ರೆ ತೆಗೆದುಕೊಳ್ಳಿ, ನೀರು ಚೆನ್ನಾಗಿ ಕುಡಿಯಿರಿ, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ತಿನ್ನಿ, ಮಧ್ಯಾಹ್ನ ಮಲಗಿ, ಸಂಜೆ ನಡೆಯಿರಿ, ಏನೇ ಆದರೂ ನನ್ನನ್ನು ಕೇಳದೆ ನಿಲ್ಲಿಸಬೇಡಿ ಎಂದೆ.

"ಖಂಡಿತ ನಿಲ್ಸಲ್ಲ ಮೇಡಂ," ಎಂದರು ಆಕೆ. "ಮಗಳಿಗೆ ಈಗ ಏಳು ತಿಂಗಳು. ಹೊಸಕೆರೆಹಳ್ಳೀಲಿದ್ದಾಳೆ. ಬಾಣಂತನ ನಾನೇ ಮಾಡ್ಬೇಕು. ಮಗೂನ ಎತ್ಕೋಬೇಕಲ್ಲ."

"ಈಗಲೂ ಎತ್ಕೋಬಹುದು. ಮಾತ್ರೆಗೆ ಕಾಯೋದೇನೂ ಬೇಡ."

ಆಕೆ ಗಂಡನ ಮುಖ ನೋಡಿದರು. ಗಂಡ ಗೋಡೆ ನೋಡಿದರು.

ಎರಡನೇ ವಾರ ಆಕೆ ಬಂದಾಗ ಮುಖ ಇಳಿದುಹೋಗಿತ್ತು. ತಲೆ ಸಿಡಿಯುತ್ತೆ, ಏನು ತಿಂದರೂ ವಾಂತಿ ಬಂದ ಹಾಗೆ ಆಗುತ್ತೆ ಎಂದರು. ಮಾತ್ರೆಯ ಹೊತ್ತನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಿ, ವಾಂತಿಗೆ ಬೇರೆ ಮಾತ್ರೆ ಕೊಟ್ಟೆ. ಮೂರನೇ ವಾರ ಇನ್ನೂ ಹೆಚ್ಚಾಯಿತು. ತೂಕ ಇಳಿದಿತ್ತು. ರಕ್ತ ಪರೀಕ್ಷೆಯಲ್ಲಿ ಮಾತ್ರ ಲಿವರ್ ಮೊದಲಿಗಿಂತ ಚೆನ್ನಾಗಿತ್ತು. ಔಷಧಿ ಅದರ ಕೆಲಸ ಮಾಡುತ್ತಿತ್ತು, ರೋಗಿ ಮಾತ್ರ ಸೊರಗುತ್ತಿದ್ದರು. ನನ್ನ ಅನುಭವದಲ್ಲಿ ಈ ಮಾತ್ರೆ ಯಾರನ್ನೂ ಇಷ್ಟು ಕಾಡಿರಲಿಲ್ಲ.

ನಾಲ್ಕನೇ ವಾರ ಶ್ರೀಕಂಠಯ್ಯ ಮೊದಲು ಒಳಗೆ ಬಂದರು.

"ಮೇಡಂ, ಇಂಗ್ಲಿಷ್ ಮಾತ್ರೆ ಉಷ್ಣ. ಇವಳ ಮೈಗೆ ಆಗ್ತಿಲ್ಲ. ನಿಲ್ಸಿಬಿಡಿ. ನಮ್ಮ ಪಾರ್ಕ್ ಫ್ರೆಂಡ್ ಒಬ್ರು ಲಿವರ್ ಕ್ಲೀನ್ ಮಾಡೋ ಪುಡಿ ಕೊಡ್ತಾರೆ."

"ನಿಮ್ಮ ಮನೆಯವರೆಲ್ಲಿ?"

"ಬರ್ತಿದ್ದಾಳೆ."

ಕಿಟಕಿಯಿಂದ ನೋಡಿದೆ. ಕೆಳಗೆ ಅವರ ಕಾರು ನಿಂತಿತ್ತು. ಕೊಂಚ ಹೊತ್ತಿಗೆ ಗೇಟಿನ ಹತ್ತಿರ ಆಟೋ ಒಂದು ಬಂದು ನಿಂತಿತು. ಅದರಿಂದ ವಿಶಾಲಾಕ್ಷಮ್ಮ ಇಳಿದರು. ಬೇರೆ ಎಲ್ಲಿಂದಲೋ ಬಂದರೇನೋ ಎಂದುಕೊಂಡು ಕೇಳಿದರೆ, ಇಲ್ಲ, ಮನೆಯಿಂದಲೇ. ಕಾರಿನ ಸೀಟು ಬಟ್ಟೆಯದು, ತೊಳೆಯಲು ಆಗುವುದಿಲ್ಲ ಎಂದು ಅವರನ್ನು ಪ್ರತಿ ಸಲವೂ ಆಟೋದಲ್ಲಿ ಕಳುಹಿಸುತ್ತಿದ್ದರಂತೆ! ಇದನ್ನು ಆ ಮನುಷ್ಯ ಯಾವ ಸಂಕೋಚವೂ ಇಲ್ಲದೆ, ದೊಡ್ಡ ಜಾಣತನ ಎಂಬಂತೆ ಹೇಳಿದರು. ಅವರನ್ನು ಹೊರಗೆ ಕೂರಲು ಹೇಳಿ ಆಕೆಯನ್ನು ಒಬ್ಬರನ್ನೇ ಕೂರಿಸಿಕೊಂಡೆ.

"ಮೇಡಂ, ನಿಲ್ಸಿಬಿಡ್ತೀನಿ. ನನ್ ಕೈಲಿ ಆಗ್ತಿಲ್ಲ," ಎಂದು ಕಣ್ಣು ಒರೆಸಿಕೊಂಡರು.

"ಈಗ ತಲೆನೋವು ಇದ್ಯಾ?"

ಆಕೆ ಒಂದು ಕ್ಷಣ ಯೋಚಿಸಿದರು. "ಈಗ ಇಲ್ಲ. ಆಟೋ ಹತ್ತಿ ಗಾಳಿ ಬಿದ್ರೆ ಕಮ್ಮಿ ಆಗುತ್ತೆ. ಮನೆಗೆ ಹೋದ್ರೆ ಮತ್ತೆ ಶುರು."

ರಾತ್ರಿ ನುಂಗಿದ ಮಾತ್ರೆಯ ಅಡ್ಡಪರಿಣಾಮ ಆಟೋ ಹತ್ತಿದರೆ ಇಳಿಯುವುದೂ ಮನೆಯ ಹೊಸ್ತಿಲು ದಾಟಿದರೆ ಏರುವುದೂ ಎಲ್ಲಾದರೂ ಉಂಟೆ? ಮನೆಯಲ್ಲಿ ಎಲ್ಲಿ ಮಲಗುತ್ತೀರಿ ಎಂದು ಕೇಳಿದೆ. "ಇವರು ಒಳ್ಳೇವ್ರೇ ಮೇಡಂ, ಸ್ವಲ್ಪ ಭಯ ಜಾಸ್ತಿ ಅಷ್ಟೇ," ಎಂದರು.

ನನ್ನ ಮನೆಯೂ ಜೆ.ಪಿ. ನಗರದಲ್ಲೇ. ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಹೇಳದೆ ಕೇಳದೆ ಅವರ ಮನೆಯ ಬೆಲ್ ಒತ್ತಿದೆ. ಶ್ರೀಕಂಠಯ್ಯ ಗಾಬರಿಯಾದರೂ ಕಾಫಿ ಕುಡಿಯಿರಿ ಎಂದು ಹಾಲಿನಲ್ಲಿ ಕೂರಿಸಲು ನೋಡಿದರು. ನಾನು ಕೂರಲಿಲ್ಲ. ವಾಸನೆ ಹಿಡಿದು ನೇರ ಹಿಂದಕ್ಕೆ ಹೋದೆ.

ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ, ವಾಷಿಂಗ್ ಮೆಷಿನ್ ಇಡುವ ಕಿರಿದಾದ ಜಾಗ. ಅಲ್ಲೊಂದು ಮಡಚುವ ಮಂಚ. ಅಕ್ಕಪಕ್ಕದವರು ನೋಡಬಾರದೆಂದು ಕಿಟಕಿಗೆ ರಟ್ಟು ಅಂಟಿಸಿದ್ದರು. ನೆಲ ಕರಿ ಫಿನಾಯಿಲ್‌ನಿಂದ ಒದ್ದೆಯಾಗಿತ್ತು. ಮೂಲೆಯ ಬಕೆಟ್‌ನಲ್ಲಿ ಅದೇ ಫಿನಾಯಿಲ್ ನೀರು, ಅದರಲ್ಲಿ ಆಕೆಯ ಹೊದಿಕೆ. ಪಕ್ಕದ ಸಣ್ಣ ಬಕೆಟ್‌ನಲ್ಲೂ ಅದೇ ನೀರು. ಅದರೊಳಗೆ ಆಕೆ ಉಣ್ಣುವ ತಟ್ಟೆ, ಕುಡಿಯುವ ಲೋಟ! ಗುರುತಿಗೆಂದು ತಟ್ಟೆಯ ಅಂಚಿಗೆ ಕೆಂಪು ಬಣ್ಣ ಬಳಿದಿತ್ತು. ದಿನಕ್ಕೆ ಮೂರು ಹೊತ್ತು ಈ ಜಾಗವನ್ನು ಒರೆಸಬೇಕೆಂಬುದು ಗಂಡನ ಕಟ್ಟಪ್ಪಣೆ. ಸುದ್ದಿ ಹೊರಗೆ ಹೋದೀತೆಂದು ಕೆಲಸದವಳನ್ನು ಬಿಡಿಸಿದ್ದರಿಂದ ಒರೆಸುವವರೂ ವಿಶಾಲಾಕ್ಷಮ್ಮನೇ. ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಗಂಡ ದರ್ಶಿನಿ ಹೋಟೆಲಿನಿಂದ ಪಾರ್ಸೆಲ್ ತಂದು ತಾವು ಉಂಡು, ಮಿಕ್ಕಿದ್ದನ್ನು ಬಾಗಿಲ ಬಳಿ ಇಡುತ್ತಿದ್ದರು.

ಐದು ನಿಮಿಷ ನಿಂತದ್ದಕ್ಕೇ ನನ್ನ ಕಣ್ಣು ಉರಿದು ಹಣೆ ಸಿಡಿಯತೊಡಗಿತು. ಮಾತ್ರೆಯಿಂದ ಬಂದದ್ದು ಚೂರುಪಾರು ಸುಸ್ತು ಇದ್ದೀತು. ಮಿಕ್ಕ ತಲೆನೋವು, ವಾಕರಿಕೆ ಎಲ್ಲ ಈ ಗೂಡಿನದು. ಫಿನಾಯಿಲ್ ಸವರಿದ ತಟ್ಟೆಯಲ್ಲಿ ತಂಗಳು ಉಂಡರೆ ಯಾರಿಗೆ ತಾನೇ ವಾಂತಿ ಬರುವುದಿಲ್ಲ?

"ಕೊರೋನಾ ಟೈಮಲ್ಲಿ ಹೀಗೇ ಮಾಡಿದ್ವಿ ಮೇಡಂ, ಯಾರಿಗೂ ಏನೂ ಆಗ್ಲಿಲ್ಲ," ಎಂದರು ಶ್ರೀಕಂಠಯ್ಯ. "ಕ್ಲೀನ್ ಆಗಿರೋದು ತಪ್ಪಾ?"

"ಫಿನಾಯಿಲ್ ವಿಷ ಸಾರ್. ಅದರಲ್ಲಿ ಅದ್ದಿದ ತಟ್ಟೇಲಿ ನೀವು ಊಟ ಮಾಡ್ತೀರಾ? ಮಾಡಿ ತೋರ್ಸಿ, ನಾನು ಇಲ್ಲೇ ನಿಂತಿರ್ತೀನಿ."

ನನ್ನ ಜೀವಮಾನದಲ್ಲಿ ರೋಗಿಯ ಮನೆಯವರ ಮೇಲೆ ಅಷ್ಟು ಜೋರಾಗಿ ಕೂಗಿದ್ದು ಅದೊಂದೇ ಸಲ. ಬಕೆಟ್ ಎರಡನ್ನೂ ನಾನೇ ಬಚ್ಚಲಿಗೆ ಸುರಿದೆ. ಆಮೇಲೆ ವಿಶಾಲಾಕ್ಷಮ್ಮನ ಕೈಗೆ ಫೋನ್ ಕೊಟ್ಟು ಮಗಳ ಜೊತೆ ಮಾತನಾಡಿ ಎಂದೆ. ಆಕೆ ಹಿಂಜರಿದರು. ಬಸುರಿಗೆ ಸೋಂಕು ತಗಲುತ್ತದೆ ಎಂದು ಹೇಳಿ ಅಪ್ಪ ಮಗಳನ್ನು ಈ ಕಡೆ ತಲೆ ಹಾಕದಂತೆ ಮಾಡಿದ್ದರು. ಅಮ್ಮನನ್ನು ಎಲ್ಲಿ ಇಟ್ಟಿದ್ದಾರೆ ಎಂಬುದು ಆ ಹುಡುಗಿಗೆ ಗೊತ್ತೇ ಇರಲಿಲ್ಲ.

ಮಗಳು ಸ್ಮಿತಾ ಮುಕ್ಕಾಲು ಗಂಟೆಯಲ್ಲಿ ಕ್ಯಾಬ್ ಹಿಡಿದು ಬಂದಳು. ತುಂಬು ಹೊಟ್ಟೆ ಹೊತ್ತುಕೊಂಡು ಹಿಂದಿನ ಬಾಗಿಲವರೆಗೆ ಹೋಗಿ ನೋಡಿ ಬಂದಳು. ಅಪ್ಪನಿಗೆ ಬೈಯುತ್ತಾಳೆ ಎಂದುಕೊಂಡಿದ್ದೆ, ಅವಳು ಅವರ ಕಡೆ ತಿರುಗಲೇ ಇಲ್ಲ. ನನ್ನನ್ನು ಒಂದೇ ಪ್ರಶ್ನೆ ಕೇಳಿದಳು.

"ಡಾಕ್ಟ್ರೇ, ಅಮ್ಮ ನನ್ ಜೊತೆ ಮಲ್ಕೊಂಡ್ರೆ ಮಗೂಗೆ ಏನಾದ್ರೂ ಆಗುತ್ತಾ?"

"ಏನೂ ಆಗಲ್ಲ."

"ಸರಿ. ಅಮ್ಮ, ನಡಿ."

ಹೊಸಕೆರೆಹಳ್ಳಿಗೆ ಹೋದ ಮೂರನೇ ದಿನ ಆಕೆಯೇ ಫೋನ್ ಮಾಡಿ, ತಲೆನೋವು ನಿಂತಿದೆ, ಎರಡು ಚಪಾತಿ ತಿಂದೆ ಎಂದರು. ಮಧ್ಯಾಹ್ನದ ಸುಸ್ತು ಇನ್ನೂ ಕೆಲವು ವಾರ ಇತ್ತು. ಅದು ಮಾತ್ರೆಯದೇ. ಅದಕ್ಕೆ ಆಕೆ ಊಟವಾದ ಮೇಲೆ ಒಂದು ಗಂಟೆ ಮಲಗಿ, ಸಂಜೆ ಮಗಳ ಜೊತೆ ಕೆರೆಯ ಕಡೆ ನಿಧಾನವಾಗಿ ನಡೆದು ಬರುತ್ತಿದ್ದರು. ಒಂದು ಹೊತ್ತಿನ ಮಾತ್ರೆಯನ್ನೂ ತಪ್ಪಿಸಲಿಲ್ಲ. ಹತ್ತನೇ ವಾರದಲ್ಲಿ ಮೊಮ್ಮಗಳು ಹುಟ್ಟಿದಳು. ಮೊದಲ ಸ್ನಾನ ಅಜ್ಜಿಯೇ ಮಾಡಿಸಿದರು.

ಈ ಚಿಕಿತ್ಸೆಯಲ್ಲಿ ಮಾತ್ರೆ ಮುಗಿದು ಮತ್ತೆ ಹನ್ನೆರಡು ವಾರ ಕಾದು ಪರೀಕ್ಷೆ ಮಾಡುತ್ತೇವೆ. ಆಗಲೂ ವೈರಸ್ ಕಾಣದಿದ್ದರೆ ಗುಣವಾದಂತೆ. ವಿಶಾಲಾಕ್ಷಮ್ಮನ ರಕ್ತದಲ್ಲಿ ವೈರಸ್ ಇರಲಿಲ್ಲ. ವಿಷಯ ತಿಳಿದು ಅಂದು ಶ್ರೀಕಂಠಯ್ಯನವರೂ ಬಂದಿದ್ದರು. ಅಷ್ಟು ತಿಂಗಳ ಮೇಲೆ ಹೆಂಡತಿಯ ಎದುರು ಕೂತವರು ಹೇಗಿದ್ದೀಯ ಎಂದು ಒಂದು ಮಾತು ಕೇಳಲಿಲ್ಲ. ನನ್ನ ಕಡೆ ಬಾಗಿದರು.

"ಹಾಗಾದ್ರೆ ಇವಳು ಇನ್ನು ಅಡುಗೆ ಮಾಡ್ಬಹುದು ಅಂತ ಒಂದು ಸರ್ಟಿಫಿಕೇಟ್ ಕೊಡ್ತೀರಾ ಮೇಡಂ? ಹೋಟ್ಲೂಟ ತಿಂದು ನನಗೆ ಹೊಟ್ಟೆ ಕೆಟ್ಟೋಗಿದೆ."

ನನಗೆ ಅಸಹ್ಯವಾಯಿತು. ತೊಡೆಯ ಮೇಲೆ ಮಗುವನ್ನು ಮಲಗಿಸಿಕೊಂಡಿದ್ದ ವಿಶಾಲಾಕ್ಷಮ್ಮನೇ ಮಾತಾಡಿದರು. ದನಿ ಏರಲಿಲ್ಲ.

"ಸರ್ಟಿಫಿಕೇಟ್ ಏನೂ ಬೇಡ ಮೇಡಂ. ನಾನು ಆ ಮನೆಗೆ ಹೋಗಲ್ಲ. ರೋಗ ಇತ್ತು ಅಂತ ಅಲ್ಲ, ಇಷ್ಟು ವರ್ಷ ಯಾರಿಗೆ ಬೇಯಿಸಿ ಹಾಕ್ದೆ ಅಂತ ಈಗ ಗೊತ್ತಾಯ್ತು."

ಆಮೇಲೆ ಗಂಡನ ಕಡೆ ತಿರುಗಿ, "ಹೊಟ್ಟೆ ಕೆಟ್ಟಿದ್ರೆ ಗಂಜಿ ಕಾಯ್ಸ್ಕೊಂಡು ಕುಡೀರಿ," ಎಂದರು. ಶ್ರೀಕಂಠಯ್ಯ ನನ್ನ ಮುಖ ನೋಡಿದರು, ನಾನೇನಾದರೂ ಬುದ್ಧಿ ಹೇಳುತ್ತೇನೆ ಎಂಬಂತೆ. ನಾನು ಮುಂದಿನ ರೋಗಿಯನ್ನು ಕರೆಯಲು ಬೆಲ್ ಒತ್ತಿದೆ.

ಅಲ್ಲಿಂದ ನಿವೃತ್ತಿಯವರೆಗೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಈ ಮಾತ್ರೆ ಶುರು ಮಾಡುವ ದಿನ ತಲೆನೋವು, ಸುಸ್ತು, ವಾಕರಿಕೆಯ ಬಗ್ಗೆ ಹೇಳಿ ಮುಗಿಸಿದ ಮೇಲೆ ಮನೆಯವರನ್ನು ಒಳಗೆ ಕರೆದು, ಇವತ್ತು ರಾತ್ರಿ ಇವರು ಎಲ್ಲಿ ಮಲಗುತ್ತಾರೆ, ಯಾವ ತಟ್ಟೆಯಲ್ಲಿ ಉಣ್ಣುತ್ತಾರೆ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಇದೆಂಥ ಪ್ರಶ್ನೆ ಎಂಬಂತೆ ನಕ್ಕುಬಿಡುತ್ತಿದ್ದರು. ನಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡವರ ವಿಳಾಸವನ್ನು ಮಾತ್ರ ನಾನು ಬರೆದಿಟ್ಟುಕೊಳ್ಳುತ್ತಿದ್ದೆ.