ಒಲೆಯ ಮೇಲಿನ ಧಾರಾಪಾತ್ರೆ

ಐವತ್ತರ ದಶಕದ ಕೊನೆಯಲ್ಲಿ ನಾನು ಸೊರಬದಲ್ಲಿ ಮೇಷ್ಟ್ರಾಗಿದ್ದೆ. ಒಂದೇ ಸೂರಿನಡಿ ಆರು ಮನೆಗಳಿದ್ದ ವಠಾರದಲ್ಲಿ ವಾಸ. ನಡುವಿನ ಗೋಡೆಗಳು ಸೂರನ್ನು ಮುಟ್ಟುತ್ತಿರಲಿಲ್ಲ. ಒಬ್ಬರ ಒಗ್ಗರಣೆಗೆ ಆರು ಮನೆಯವರೂ ಸೀನುತ್ತಿದ್ದೆವು.

ಮಾಲೀಕರು ಶಿಕಾರಿಪುರದವರು, ಬೆಂಕಿಯೆಂದರೆ ಪ್ರಾಣಭಯ. ಈಶ್ವರನ ಗುಡಿಯಲ್ಲಿ ಲಿಂಗದ ಮೇಲೆ ತೂಗುತ್ತ ಹನಿಹನಿಯಾಗಿ ನೀರು ಸುರಿಸುವ ಧಾರಾಪಾತ್ರೆ ನೋಡಿ ಅವರಿಗೊಂದು ಉಪಾಯ ಹೊಳೆಯಿತು. ತಳಕ್ಕೆ ತೂತುಗಳನ್ನು ಕೊರೆದು, ರಾಳ ಬೆರೆಸಿದ ಜೇನುಮೇಣದಿಂದ ಮುಚ್ಚಿದ ನೀರಿನ ಮಡಕೆಯೊಂದನ್ನು ಪ್ರತಿ ಒಲೆಯ ಮೇಲೂ, ಎತ್ತರದ ಜಂತಿಗೆ ಕಟ್ಟಿಸಿದರು.

“ಎಲ್ಲಿ ಬೆಂಕಿ ಬೀಳ್ತೈತೋ ಅಲ್ಲಿ ಮಾತ್ರ ಮೇಣ ಕರಗ್ತೈತ್ರೀ. ಉಳಿದ ಮಡಿಕಿ ಸುಮ್ನಿರ್ತಾವು,” ಎಂದರು.

ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ನಕ್ಕೆ. ನನ್ನ ಮಡಕೆಯ ನೀರು ಚೆಲ್ಲಿ, ಇಲಿ ಹತ್ತದ ಜಾಗವೆಂದು ವರ್ಷದ ಹುಣಸೆಹಣ್ಣನ್ನು ಅದರಲ್ಲಿ ತುಂಬಿಟ್ಟೆ. ಪಕ್ಕದ ಮನೆಯ ಅವ್ವ ಮಾತ್ರ ಪ್ರತಿ ಸೋಮವಾರ ಏಣಿ ಹತ್ತಿ, ಮಡಕೆಗೆ ವಿಭೂತಿ ಬಳಿದು, ಕಂಠಮಟ್ಟ ನೀರು ತುಂಬುತ್ತಿದ್ದರು.

“ಒಲೆಯೊಳಗೆ ಲಿಂಗ ಎಲ್ಲಿದೆ ಅವ್ವಾ?” ಎಂದು ಕೆಣಕಿದೆ.

“ನಿಮ್ಗೆ ಕಾಣ್ದೇ ಇದ್ರೆ ಇಲ್ಲ ಅಂತನಾ, ಮೇಷ್ಟ್ರೇ?”

ಒಂದು ಭಾನುವಾರ ಬೆಳಿಗ್ಗೆ ಎಣ್ಣೆ ಕಾಯಲಿಟ್ಟು, ಅಂಗಳದಲ್ಲಿ ನೆರೆಯವರಿಗೆ ಈ ಮೂಢನಂಬಿಕೆಯ ಬಗ್ಗೆ ಭಾಷಣ ಬಿಗಿಯುತ್ತ ನಿಂತೆ. ಒಳಗೆ ಎಣ್ಣೆ ಹೊತ್ತಿಕೊಂಡಿತು. ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಹಾಕಿದ್ದ ಸೌದೆಗೆ ಹತ್ತಿ, ಅವ್ವನ ಕಡೆಗೆ ಗೋಡೆ ದಾಟಿತು. ನನ್ನ ಮಡಕೆಯ ಮೇಣ ಪ್ರಾಮಾಣಿಕವಾಗಿಯೇ ಕರಗಿತು. ಹುಣಸೆಹಣ್ಣು ಅಲ್ಲಾಡಲಿಲ್ಲ. ಆರು ಸಂಸಾರಗಳು ನನ್ನಿಂದ ಬೀದಿಪಾಲಾಗುತ್ತವೆ ಎಂದು ಬಾವಿಯ ಕಡೆಗೆ ಓಡಿದೆ.

ಅಷ್ಟರಲ್ಲಿ ಅವ್ವನ ಮಡಕೆ ಬಾಯಿಬಿಟ್ಟಿತು. ಅವರ ಸೌದೆಗೆ ಆಗಷ್ಟೇ ತಗುಲಿದ್ದ ಬೆಂಕಿ ಚುಂಯ್ ಎಂದು ಅಲ್ಲೇ ಆರಿತು. ನನ್ನ ಕಡೆಯದನ್ನು ಬಾವಿಯಿಂದ ನೀರು ಸೇದಿ ಸೇದಿ ನಂದಿಸಿದೆವು. ಮಿಕ್ಕ ನಾಲ್ಕು ಮನೆಗಳಿಗೆ ಕಿಡಿಯೂ ಹೋಗಲಿಲ್ಲ, ಅಲ್ಲಿನ ಮಡಕೆಗಳೂ ಸುಮ್ಮನಿದ್ದವು. ಮನೆಯವರು ಸುಮ್ಮನಿರಬೇಕಲ್ಲ! ತಮ್ಮ ಮೇಣ ಕರಗಲೇ ಇಲ್ಲವೆಂದು ಗಾಬರಿಯಾಗಿ, ದೊಣ್ಣೆಯಿಂದ ಮಡಕೆ ಒಡೆದು, ಉರಿಯದ ಮನೆಯಲ್ಲಿ ಅಕ್ಕಿ, ಬೇಳೆ, ಹಪ್ಪಳ ನೆನೆಸಿಕೊಂಡು ಕೂತರು.

ಮಧ್ಯಾಹ್ನ ನಾನು ಮಸಿಯ ನಡುವೆ ತಲೆ ತಗ್ಗಿಸಿ ಕೂತಿದ್ದೆ. ಅವ್ವ ಬಾಗಿಲಿಗೆ ಬಂದರು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಬೈಯಲಿ ಎಂದು ಕಾದೆ; ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಅವರು ಕೈಯಲ್ಲಿದ್ದ ಹಂಚಿನ ಚೂರನ್ನು ನನ್ನ ಮುಂದೆ ಹಿಡಿದರು.

“ಮೇಷ್ಟ್ರೇ, ನಮ್ಮೊಲೆ ಆರಿಹೋಯ್ತು. ನಿಮ್ಮಲ್ಲಿ ಒಂದು ಕೆಂಡ ಇದ್ರೆ ಕೊಡ್ರೀ. ನಿಮ್ಗೂ ಸೇರಿಸಿ ಅನ್ನಕ್ಕೆ ಇಡ್ತೀನಿ.”